ಅಕ್ಕನ ಒರಗುಕಲ್ಲು

ನಮ್ಮಕ್ಕ ಕಲ್ಲನ್ನು ಕೆನ್ನೆಯಿಂದ ನೋಡುತ್ತಿದ್ದಳು. ವಿಗ್ರಹ ಕೆತ್ತುವ ಶಿವಾರಪಟ್ಟಣದ ಗಂಡಸರಾದ ನಾವು ಹೊಸ ಕಲ್ಲು ಬಂದರೆ ಸುತ್ತಿಗೆಯಲ್ಲಿ ತಟ್ಟಿ, ಸದ್ದು ಕೇಳಿ, ಒಳಗೆ ಊನ ಇದೆಯೋ ಇಲ್ಲವೋ ಹೇಳುತ್ತೇವೆ. ಅಕ್ಕ ಹಾಗಲ್ಲ. ಸೆರಗಿನಲ್ಲಿ ಧೂಳು ಒರೆಸಿ, ಬಗ್ಗಿ, ಕೆನ್ನೆಯನ್ನು ಕಲ್ಲಿಗೆ ಒತ್ತಿ, ಕಣ್ಣು ಮುಚ್ಚಿಕೊಂಡು ಸ್ವಲ್ಪ ಹೊತ್ತು ಹಾಗೇ ಇರುತ್ತಿದ್ದಳು. ಮಗುವಿಗೆ ಜ್ವರ ಇಳಿದಿದೆಯೇ ಎಂದು ನೋಡುವವಳ ಹಾಗೆ. ಅವಳ ಬೆರಳ ತುದಿಗಳು ಕಲ್ಲು ಉಜ್ಜಿ ಉಜ್ಜಿ ಮರಗಟ್ಟಿ ಹೋಗಿದ್ದವು. ತಂಪು ಬಿಸಿ ತಿಳಿಯಲು ಕೆನ್ನೆಯೇ ಬೇಕಾಗಿತ್ತು.

ಅವಳ ಹೆಸರು ಸುಬ್ಬರತ್ನಮ್ಮ. ನನಗಿಂತ ಆರು ವರ್ಷ ದೊಡ್ಡವಳು. ಶ್ರೀನಿವಾಸಪುರದ ಕಡೆ ಗೌನಿಪಲ್ಲಿಗೆ ಮದುವೆಯಾಗಿ ಹೋಗಿದ್ದಳು. ಭಾವ ತೀರಿಕೊಂಡ ಮೇಲೆ ಮಗಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದಳು. ಬಂದ ಮೂರನೇ ದಿನಕ್ಕೆ ಶೆಡ್ಡಿನಲ್ಲಿ ಕೂತು ವಿಗ್ರಹ ಉಜ್ಜುತ್ತಿದ್ದಳು. ಕೆತ್ತುವುದು ಗಂಡಸರ ಕೆಲಸ, ನೀರು ಹಾಕಿ ಉಜ್ಜಿ ಹೊಳಪು ತರುವುದು ಹೆಂಗಸರದು ಎಂದು ನಮ್ಮ ಮನೆಯಲ್ಲಿ ನಡೆದುಕೊಂಡು ಬಂದಿತ್ತು. ಇಪ್ಪತ್ತು ವರ್ಷ ಉಜ್ಜಿದಳು. ನಾನು ಕೆತ್ತಿದ ಲಕ್ಷ್ಮಿ, ಗಣೇಶ, ಆಂಜನೇಯ ಎಲ್ಲರ ಮೈಯೂ ಹೊಳೆದದ್ದು ಅವಳ ಕೈಯಲ್ಲಿ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು, ಬರೆದು ಅಭ್ಯಾಸವಿಲ್ಲ. ಆದರೆ ಅವಳ ವಿಷಯ ಬರೆಯಬೇಕು. ಬರೆದರೆ ನಾನು ಅವಳ ಕಲ್ಲಿಗೆ ಮಾಡಿದ್ದನ್ನೂ ಬರೆಯಬೇಕು.

ರೇಷನ್ ಅಂಗಡಿಗೆ ಹೆಬ್ಬೆಟ್ಟಿನ ಮಿಷಿನ್ನು ಬಂದಾಗ ಅಕ್ಕನ ಗುರುತು ಅದಕ್ಕೆ ಸಿಗಲಿಲ್ಲ. ಬೆರಳಲ್ಲಿ ಒಂದು ಗೆರೆಯೂ ಉಳಿದಿರಲಿಲ್ಲ. ಅಂಗಡಿಯವನು ಹತ್ತೂ ಬೆರಳು ಒತ್ತಿಸಿ ನೋಡಿ, "ನೀವು ಇಲ್ಲವೇ ಇಲ್ಲ ಅಂತೈತಲ್ಲಮ್ಮ ಇದು" ಎಂದ.

"ನನ್ ಗೆರೆಯೆಲ್ಲ ದೇವ್ರುಗಳ ಮೈಮೇಲೈತಪ್ಪ" ಎಂದಳು ಅಕ್ಕ. "ಮಿಷಿನ್ ಎತ್ಕೊಂಡು ಗುಡಿಗುಡಿಗೂ ಹೋಗು. ಯಾವ ಅಮ್ಮನೋರ ಹೊಟ್ಟೆಗೆ ಇಟ್ರೂ ನನ್ ಹೆಸ್ರು ಬತ್ತದೆ."

ಸಾಲಿನಲ್ಲಿದ್ದವರೆಲ್ಲ ನಕ್ಕರು. ಅಕ್ಕಿ ಮಾತ್ರ ಆ ತಿಂಗಳು ಸಿಗಲಿಲ್ಲ. ಬರೀ ಚೀಲ ಮಡಚಿಕೊಂಡು ಬಂದು, ಅದನ್ನೇ ಮತ್ತೆ ನಮಗೆ ಅಭಿನಯ ಮಾಡಿ ತೋರಿಸಿ ನಗಿಸಿದಳು.

ದೇವರುಗಳ ಬಗ್ಗೆ ಅವಳಿಗೆ ಭಯವಿರಲಿಲ್ಲ, ಸಲಿಗೆ ಇತ್ತು. ಗಿರಾಕಿಗಳು ಕೇಳಿದಂತೆ ನಾನು ಮೈತುಂಬ ಒಡವೆ ಕೆತ್ತಿದ ವಿಗ್ರಹವನ್ನು ಉಜ್ಜುವಾಗ, "ಪಾಪ, ಈ ಸೆಕೇಲಿ ಇಷ್ಟೊಂದು ಹೇರ್ಕೊಂಡು ಹೆಂಗ್ ನಿಂತ್ಕೋತಾಳೋ" ಎನ್ನುತ್ತಿದ್ದಳು. ಬೇಸಿಗೆಯಲ್ಲಿ ಸಂಜೆ ಗಿಡಗಳಿಗೆ ನೀರು ಹಾಕುವಾಗ ಅಂಗಳದ ಕಲ್ಲುಗಳಿಗೂ ಒಂದೊಂದು ಚೊಂಬು ಹಾಕುವಳು. ನನ್ನ ಹೆಂಡತಿ ನೀರು ದಂಡ ಎಂದು ಗೊಣಗಿದರೆ, "ಅವಕ್ಕೂ ಧಗೆ ಆಗಲ್ವೇನೇ ತಾಯಿ" ಎನ್ನುವಳು. ಗೌನಿಪಲ್ಲಿಯಲ್ಲಿ ಕಲಿತ ತೆಲುಗು ಸಿಟ್ಟಿಗೂ ಮುದ್ದಿಗೂ ಬರುತ್ತಿತ್ತು. ನನ್ನನ್ನು ಒಳ್ಳೆಯ ಮನಸ್ಸಿನಲ್ಲಿ ಕರೆದರೆ "ಏಮಿರಾ", ಕೋಪದಲ್ಲಿ ಕರೆದರೂ "ಏಮಿರಾ". ಯಾವುದು ಎಂದು ಮುಖ ನೋಡಿ ತಿಳಿಯಬೇಕಿತ್ತು.

ಶೆಡ್ಡಿನ ಹಿಂದೆ ಹೊಂಗೆಮರದ ಕೆಳಗೆ ನಾವು ಬಿಸಾಡಿದ ಕಲ್ಲುಗಳ ರಾಶಿ. ಕೈ ಮುರಿದದ್ದು, ಮೂಗು ಹಾರಿದ್ದು, ಒಳಗೆ ಬಿಳಿ ಎಳೆ ಕಂಡದ್ದು. ಊನವಾದ ಕಲ್ಲು ಪೂಜೆಗೆ ಬರುವುದಿಲ್ಲ, ಅದನ್ನು ಯಾರೂ ಕೇಳುವುದಿಲ್ಲ. ಮುಳಬಾಗಿಲು ಕಡೆಯ ಒಂದು ಗುಡಿಗೆಂದು ನಾನು ಶುರು ಮಾಡಿದ ಅಮ್ಮನವರ ಕಲ್ಲೂ ಅಲ್ಲೇ ಬಿತ್ತು. ಎದೆಯ ಭಾಗಕ್ಕೆ ಬರುವಾಗ ಅಡ್ಡಕ್ಕೆ ಒಂದು ಎಳೆ ಕಾಣಿಸಿತ್ತು. ಅಕ್ಕ ಆ ಕಲ್ಲನ್ನು ಆರಿಸಿಕೊಂಡಳು. ಮಧ್ಯಾಹ್ನ ಊಟವಾಗಿ ನಾವೆಲ್ಲ ಮಲಗುವ ಹೊತ್ತಿಗೆ ಅಪ್ಪನ ಹಳೆಯ ಉಳಿ ಹಿಡಿದು ಎರಡು ಬೇಸಿಗೆ ಅದರ ಮುಂದೆ ಕೂತಳು. ಹೆಂಗಸು ಉಳಿ ಹಿಡಿದದ್ದಕ್ಕೆ ಬೀದಿಯವರು ಆಡಿಕೊಂಡರು. ನಾನು ಸುಮ್ಮನಿದ್ದೆ. ಅವಳ ಪರವಾಗಿ ಸುಮ್ಮನಿದ್ದೆ ಎಂದು ಆಗ ಅಂದುಕೊಂಡಿದ್ದೆ.

ಕೊನೆಗೆ ಅದು ಏನಾಯಿತೆಂದರೆ, ಸೊಂಟದೆತ್ತರದ ಒಂದು ಕಲ್ಲು. ಒಂದು ಬದಿ ಒರಟು. ಇನ್ನೊಂದು ಬದಿಯಲ್ಲಿ ಬೆನ್ನು ಕೂರುವಷ್ಟು ತಗ್ಗು, ಅದರ ಮೇಲೆ ತಲೆ ಇಡುವ ಜಾಗ, ನೀರಿನ ಹಾಗೆ ನುಣುಪು. ನೆತ್ತಿಯ ಮೇಲೆ ಅಂಗೈಯಷ್ಟು ಗುಳಿ. ಅದಕ್ಕೆ ನೀರು ಹೊಯ್ದರೆ ಒರಟು ಬದಿಯ ಸಣ್ಣ ಗೀರುಗಳಲ್ಲಿ ನಿಧಾನವಾಗಿ ಇಳಿದು ಕಲ್ಲೆಲ್ಲ ತಂಪಾಗಿ ಇರುತ್ತಿತ್ತು. ಒರಗುಕಲ್ಲು ಎಂದು ಅವಳೇ ಹೆಸರಿಟ್ಟಳು.

"ಅರ್ಧಕ್ಕೇ ಬಿಟ್ಟಿದ್ದೀಯಲ್ಲಕ್ಕ" ಎಂದೆ.

"ಅರ್ಧ ನಾನ್ ಮಾಡಿದ್ದೀನಿ. ಇನ್ನರ್ಧ ಒರಗೋರು ಮಾಡ್ತಾರೆ ಬಿಡೋ."

ಒಂದು ಏಪ್ರಿಲ್ ಮಧ್ಯಾಹ್ನ ಕೋಲಾರದ ಒಂದು ಕಾಲೇಜಿನ ಡ್ರಾಯಿಂಗ್ ಮೇಷ್ಟ್ರು ಸರಸ್ವತಿ ವಿಗ್ರಹಕ್ಕೆ ಹೇಳಿಹೋಗಲು ಬಂದರು. ಬಿಸಿಲಲ್ಲಿ ಬೆಂದಿದ್ದರು. ನಾನು ಮಾದರಿ ತೋರಿಸಲು ಫೋನು ಹುಡುಕುವಷ್ಟರಲ್ಲಿ ಶೆಡ್ಡಿನ ಹಿಂದಕ್ಕೆ ಹೋಗಿ ಆ ಕಲ್ಲಿಗೆ ಒರಗಿ ಕೂತುಬಿಟ್ಟಿದ್ದರು. ಅರ್ಧ ಗಂಟೆ ಏಳಲಿಲ್ಲ. ಸರಸ್ವತಿಯ ಮಾತೇ ಎತ್ತಲಿಲ್ಲ. ಎದ್ದ ಮೇಲೆ ಕಲ್ಲಿನ ಸುತ್ತ ಮೂರು ಸಲ ತಿರುಗಿ, ಮಾಡಿದ್ದು ಯಾರು ಎಂದು ಕೇಳಿ, ಅಕ್ಕನ ಮುಂದೆ ಹೋಗಿ ನಿಂತರು. ಕಾಲೇಜಿಗೆ ರಜೆ ಬಂದಾಗ ಕಾಂಪೌಂಡಿನ ಹುಣಸೆಮರಗಳ ಕೆಳಗೆ ಒಂದು ಪ್ರದರ್ಶನ ಮಾಡುತ್ತೇನೆ, ಈ ಕಲ್ಲು ಕೊಡಬೇಕು ಎಂದರು.

"ಈಗಿನ ಕಾಲದ ಕಲೆ ಅಂದ್ರೆ ಗೋಡೆಗೆ ನೇತುಹಾಕೋದು ಅಷ್ಟೇ ಅಲ್ಲಮ್ಮ. ಬಿಸಿಲಲ್ಲಿ ಬಂದೋರು ಕೂರಬೇಕು, ಮುಟ್ಟಬೇಕು, ಖುಷಿ ಪಡಬೇಕು."

"ಮುಟ್ಟಬೇಡಿ ಅಂತ ಬೋರ್ಡ್ ಹಾಕಲ್ವಾ ಸಾರ್?"

"ಇಲ್ಲಮ್ಮ."

"ಹಂಗಾದ್ರೆ ತಗೊಂಡೋಗಿ."

ಮೇಷ್ಟ್ರು ಅಕ್ಕನನ್ನು ಕಲ್ಲಿನ ಪಕ್ಕ ನಿಲ್ಲಿಸಿ ಫೋಟೋ ತೆಗೆದರು. ನಾನೂ ಪಕ್ಕದಲ್ಲಿ ನಿಂತಿದ್ದೆ. "ಯಜಮಾನ್ರೇ, ಸ್ವಲ್ಪ ಆ ಕಡೆ ಬನ್ನಿ, ನಿಮ್ಮ ನೆರಳು ಬೀಳ್ತಿದೆ" ಎಂದರು. ನಾನು ಸರಿದೆ. ಅವಳ ಹೆಸರು ಬರೆದ ಬೋರ್ಡನ್ನು ಕಲ್ಲಿನ ಪಕ್ಕ ಇಡುತ್ತೇವೆ ಎಂದೂ ಹೇಳಿದರು. ಮೂವತ್ತು ವರ್ಷದಲ್ಲಿ ನಾನು ಕೆತ್ತಿದ ವಿಗ್ರಹಗಳಿಗೆ ಲೆಕ್ಕವಿಲ್ಲ. ಒಂದರ ಮೇಲೂ ನನ್ನ ಹೆಸರಿಲ್ಲ. ದೇವರ ಮೇಲೆ ಹೆಸರು ಹಾಕುವ ಪದ್ಧತಿ ನಮ್ಮಲ್ಲಿಲ್ಲ, ಅದು ನನಗೆ ಎಂದೂ ಕೊರತೆ ಅನ್ನಿಸಿರಲಿಲ್ಲ. ಅಂದು ಅನ್ನಿಸಿತು.

ಕಲ್ಲು ಹೋಗುವ ಹಿಂದಿನ ದಿನ ಅಕ್ಕ ಕನ್ನಡಕ ಸರಿ ಮಾಡಿಸಲು ಮಾಲೂರಿಗೆ ಹೋದಳು. ಪ್ರದರ್ಶನದಲ್ಲಿ ಎಲ್ಲರ ಮುಖ ಚೆನ್ನಾಗಿ ಕಾಣಬೇಕಂತೆ. ಮಧ್ಯಾಹ್ನ ಮನೆಯಲ್ಲಿ ಎಲ್ಲರೂ ಊಟ ಮಾಡಿ ಮಲಗಿದ್ದರು. ನಾನು ಹೊಂಗೆಮರದ ಕೆಳಗೆ ಹೋಗಿ, ಆ ಕಲ್ಲಿನಲ್ಲಿ ತಲೆ ಇಡುವ ನುಣುಪು ಜಾಗಕ್ಕೆ ಎರಡು ಕಣ್ಣು ಬಿಡಿಸಿದೆ. ಹುಬ್ಬು, ರೆಪ್ಪೆ, ಗುಡ್ಡೆ, ಎಲ್ಲ. ಕಣ್ಣು ಬಿಡಿಸುವುದು ಕೆತ್ತನೆಯ ಕೊನೆಯ ಕೆಲಸ. ಸ್ನಾನ ಮಾಡಿ, ಹೊಟ್ಟೆಗೆ ಏನೂ ತಿನ್ನದೆ ಮಾಡುವ ಕೆಲಸ. ಕಣ್ಣು ಬಂದ ಮೇಲೆ ಅದು ಕಲ್ಲಲ್ಲ. ನಾನು ಹೊಟ್ಟೆ ತುಂಬ ಉಂಡು, ಊನವೆಂದು ನಾನೇ ಬಿಸಾಡಿದ ಕಲ್ಲಿಗೆ ಮಾಡಿದೆ. ಎರಡು ಗಂಟೆಯೂ ಹಿಡಿಯಲಿಲ್ಲ. ಆಮೇಲೆ ಗೋಣಿಚೀಲ ಸುತ್ತಿ ಹಗ್ಗ ಬಿಗಿದೆ. ಸಂಜೆ ಅಕ್ಕ ಬಂದು, "ನೀನೇ ಕಟ್ಟಿದ್ಯಾ? ನನ್ ರಾಜ" ಎಂದು ತಲೆ ಸವರಿದಳು.

ಬೆಳಿಗ್ಗೆ ಟೆಂಪೋ ಮುಂದೆ ಹೋಯಿತು. ನಾವಿಬ್ಬರೂ ಬಸ್ಸಿನಲ್ಲಿ ಕೋಲಾರಕ್ಕೆ ಹೋದೆವು. ಕಲ್ಲಿಗೆ ಹೊಯ್ಯಲು ನಮ್ಮ ಬಾವಿಯದೇ ನೀರಾಗಬೇಕೆಂದು ಒಂದು ಬಿಂದಿಗೆ ತುಂಬಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಕಾಂಪೌಂಡಿಗೆ ಹೋದ ಮೇಲೆ ನಾನು ಅವಳನ್ನು ನೇರ ಕಲ್ಲಿನ ಹತ್ತಿರ ಕರೆದೊಯ್ಯಲಿಲ್ಲ. "ಮೊದ್ಲು ಬೇರೆಯೋರು ಮಾಡಿರೋದು ನೋಡೋಣ ಬಾರಕ್ಕ" ಎಂದೆ.

ಹೆದರಿಕೆಗೆ ಹೇಳಿದ ಮಾತು. ಆದರೆ ನೋಡಿದ್ದು ಇವತ್ತಿಗೂ ಕಣ್ಣಲ್ಲಿದೆ. ಟೊಮೇಟೊ ಮಂಡಿಯ ಪ್ಲಾಸ್ಟಿಕ್ ಕ್ರೇಟುಗಳನ್ನು ಒಂದಕ್ಕೊಂದು ಕಟ್ಟಿ ಯಾರೋ ಚಪ್ಪರ ಮಾಡಿದ್ದರು. ಅದರ ಕೆಳಗೆ ನಿಂತರೆ ಬಿಸಿಲು ಚೌಕಚೌಕವಾಗಿ ಮೈಮೇಲೆ ಬೀಳುತ್ತಿತ್ತು. ಅಕ್ಕ ಸೀರೆಯ ಮೇಲೆ ಬಿದ್ದ ಚೌಕಗಳನ್ನು ತೋರಿಸಿ, "ನೋಡೋ, ಪುಗಸಟ್ಟೆ ಚೆಕ್ಸ್ ಸೀರೆ" ಎಂದಳು. ಶ್ರೀನಿವಾಸಪುರದ ಒಬ್ಬ ಹುಡುಗಿ ತಿಂದು ಬಿಸಾಡಿ ಒಣಗಿದ ಮಾವಿನ ವಾಟೆಗಳನ್ನು ದಾರಕ್ಕೆ ಪೋಣಿಸಿ ಪರದೆ ಮಾಡಿದ್ದಳು. ಗಾಳಿ ಬಂದಾಗ ಅವು ಟಕಟಕ ಎನ್ನುತ್ತಿದ್ದವು. ತೂತು ಬಿದ್ದ ರೇಷ್ಮೆಗೂಡುಗಳು ಒಂದು ಕೊಂಬೆಯಿಂದ ನಡುವೆಯೇ ನಿಂತ ಮಳೆಯ ಹಾಗೆ ಇಳಿಬಿದ್ದಿದ್ದವು. ಇದೆಲ್ಲ ನಾವು ದಿನಾ ಕಾಲಲ್ಲಿ ಸರಿಸಿ ಹೋಗುವ ವಸ್ತುಗಳು. ಯಾವುದಕ್ಕೂ ಮುಖವಿರಲಿಲ್ಲ. ಯಾವುದಕ್ಕೂ ಬೇಕಾಗಿರಲಿಲ್ಲ. ಜನ ಮಕ್ಕಳ ಹಾಗೆ ಮುಟ್ಟಿ ನೋಡುತ್ತಿದ್ದರು, ಮುದುಕರೂ ಕೂಡ. ಅಕ್ಕ ಏನು ಮಾಡಿದ್ದಳೆಂದು ನನಗೆ ಆಗ ತಿಳಿಯಿತು.

ಒರಗುಕಲ್ಲಿನ ಮುಂದೆ ಜನ ಚಪ್ಪಲಿ ಬಿಟ್ಟು ನಿಂತಿದ್ದರು. ಯಾರೂ ಒರಗಿರಲಿಲ್ಲ. ಆಗಲೇ ಯಾರೋ ಕಣ್ಣುಗಳ ನಡುವೆ ಕುಂಕುಮ ಇಟ್ಟು, ಎರಡು ಕಣಗಿಲೆ ಹೂವು ಸಿಕ್ಕಿಸಿದ್ದರು. ಮೇಷ್ಟ್ರು ದೂರದಲ್ಲಿ ತಲೆ ಹಿಡಿದುಕೊಂಡು ನಿಂತಿದ್ದರು. ಅಕ್ಕ ಹೊಸದಾಗಿ ಸರಿ ಮಾಡಿಸಿದ ಕನ್ನಡಕ ಹಾಕಿಕೊಂಡು ನೋಡಿದಳು. ಆಮೇಲೆ ಬಿಂದಿಗೆಯ ನೀರನ್ನು ನೆತ್ತಿಯ ಗುಳಿಗೆ ಹೊಯ್ದಳು. ಪಕ್ಕದಲ್ಲಿದ್ದ ಮಂಡಿಯ ಹೆಂಗಸೊಬ್ಬಳು ಅಂಗೈ ಒಡ್ಡಿ, "ನಂಗೂ ವಸಿ ತೀರ್ಥ ಕೊಡಮ್ಮ" ಎಂದಳು. ಅಕ್ಕ ಕೊಟ್ಟಳು. ಅವಳು ಕಣ್ಣಿಗೊತ್ತಿಕೊಂಡು ಕುಡಿದಳು.

ಮೇಷ್ಟ್ರು ಬಂದು, "ಯಾರಮ್ಮ ಹೀಗ್ ಮಾಡಿದ್ದು?" ಎಂದರು.

ನಾನು, "ಮುಖ ಇಲ್ದೆ ಕಳಿಸಿದ್ರೆ ಜನ ನಗ್ತಾರೆ ಅಂತ ನಾನೇ ಸಾರ್... ಅಕ್ಕನ ಮೇಲಿನ ಪ್ರೀತಿಗೆ" ಎಂದೆ.

ಅಕ್ಕ ನನ್ನ ಮುಖ ನೋಡಲಿಲ್ಲ. "ಹೌದು ಸಾರ್, ನಮ್ಮೋನು ಒಳ್ಳೇದಕ್ಕೇ ಮಾಡವ್ನೆ" ಎಂದಳು. ವಾಪಸು ಬರುವ ಬಸ್ಸಿನಲ್ಲಿ ಅವಳು ಆಡಿದ ಮಾತು ಒಂದೇ, "ಬೆಳಿಗ್ಗೆಯಿಂದ ಏನಾದ್ರೂ ತಿಂದ್ಯೇನ್ಲಾ?"

ಪ್ರದರ್ಶನ ಮುಗಿದರೂ ಕಲ್ಲು ವಾಪಸು ಬರಲಿಲ್ಲ. ಎತ್ತಲು ಸುತ್ತಲಿನವರು ಬಿಡಲಿಲ್ಲವಂತೆ. ಹುಣಸೆಮರದ ಕೆಳಗೆ ಅದಕ್ಕೊಂದು ಕಟ್ಟೆಯಾಯಿತು, ಶುಕ್ರವಾರ ಅರಿಸಿನ ಹಚ್ಚುತ್ತಾರೆ. ಅಕ್ಕ ಆಮೇಲೆ ಅಪ್ಪನ ಉಳಿ ಮುಟ್ಟಲಿಲ್ಲ. ಮಗಳನ್ನು ಗೌನಿಪಲ್ಲಿಗೇ ಕೊಟ್ಟಿದ್ದೆವು, ದೀಪಾವಳಿಗೆಂದು ಅವಳ ಮನೆಗೆ ಹೋದವಳು ಅಲ್ಲೇ ಉಳಿದಳು. ಕೈ ನೋವು, ಇನ್ನು ಉಜ್ಜಲಾಗದು ಎಂದು ಫೋನಿನಲ್ಲಿ ಹೇಳಿದಳು.

ಎರಡು ವರ್ಷ ನಾನು ಹೋಗಲಿಲ್ಲ. ಕಳೆದ ಬೇಸಿಗೆ ಹೋದೆ. ಅಳಿಯನ ತೋಟದಲ್ಲಿ ಮಾವು ಕೀಳುತ್ತಿದ್ದರು. ಅಕ್ಕ ನೆರಳಲ್ಲಿ ಕೂತು ಕಾಯಿ ಆರಿಸುತ್ತಿದ್ದಳು. ತುಂಬ ಇಳಿದುಹೋಗಿದ್ದಳು, ಕೆಮ್ಮುತ್ತಿದ್ದಳು. ನನ್ನನ್ನು ನೋಡಿ, "ಏಮಿರಾ, ದಾರಿ ಸಿಕ್ತಾ?" ಎಂದು ಒಂದು ಹಣ್ಣು ಎಸೆದಳು. ತಿಂದೆ. "ಅಕ್ಕ, ಆ ಕಲ್ಲು" ಎಂದೆ.

"ಗೊತ್ತು ಕಣೋ."

"ಏನ್ ಗೊತ್ತು?"

"ಅಪ್ಪಂಗೂ ಕಣ್ಣು ಬಿಡಿಸೋವಾಗ ಕೈ ನಡುಗ್ತಿತ್ತು. ನಿಂಗೂ ನಡುಗುತ್ತೆ. ರೆಪ್ಪೆ ಹತ್ರ ಕೂದ್ಲೆಳೆಯಷ್ಟು ವಾರೆ ಆಗಿರುತ್ತೆ. ಅದನ್ನ ಇಪ್ಪತ್ತು ವರ್ಷ ಉಜ್ಜಿ ಸರಿ ಮಾಡಿದೋಳು ನಾನು." ಕೈಯಲ್ಲಿದ್ದ ಕಾಯಿಯನ್ನು ತಿರುಗಿಸಿ ನೋಡಿ ಬುಟ್ಟಿಗೆ ಹಾಕಿದಳು. "ಆ ಕಲ್ಲಲ್ಲಿ ವಾರೆನೇ ಇಲ್ಲ. ನೆಟ್ಟಗೆ ಇಳ್ದೈತೆ ಗೀರು. ಪ್ರೀತಿಗೆ ಮಾಡಿದೋನ ಕೈ ಅಂಗಿರಲ್ಲ."

ನಾನು ಅಳುವುದಕ್ಕೆ ಶುರು ಮಾಡಿದೆ. ತಪ್ಪಾಯಿತು ಎನ್ನಲು ಬಾಯಿ ತೆರೆದೆ. ಅವಳು ತಡೆದಳು.

"ಬೇಡ, ಈಗ ಹೇಳ್ಬೇಡ. ಹೇಳಿಬಿಟ್ರೆ ನೀನು ಊರಿಗ್ ಹೋಗಿ ಹಾಯಾಗಿ ಮಲಗ್ತೀಯ. ಆಮೇಲೆ ಮತ್ತೆ ಎರಡು ವರ್ಷ ಈ ಕಡೆ ತಲೆ ಹಾಕಲ್ಲ. ಮುಂದಿನ ಬೇಸಿಗೇಲಿ ಬಾ. ಆಗ ಕೇಳಿಸ್ಕೋತೀನಿ." ನಕ್ಕಳು, ನಗು ಕೆಮ್ಮಾಯಿತು. ಬಸ್ಸಿನ ಹೊತ್ತಿಗೆ ಚೀಲ ತುಂಬ ಮಾವಿನಕಾಯಿ ಕೊಟ್ಟು, ಹುಲ್ಲು ಹಾಸಿ ಹಣ್ಣು ಮಾಡಿಕೊಳ್ಳಲು ಹೇಳಿದಳು.

ಸಂಕ್ರಾಂತಿಗೆ ಎಂಟು ದಿನ ಇರುವಾಗ ಹೋದಳು. ಕಲ್ಲಿನ ಧೂಳು ಎದೆಯಲ್ಲಿ ಕೂತಿತ್ತು ಎಂದರು ಡಾಕ್ಟರು.

ಈಗ ಮತ್ತೆ ಬೇಸಿಗೆ ಬಂದಿದೆ. ಅಕ್ಕಾ, ನಾನು ಮಾಡಿದ್ದು ಹೊಟ್ಟೆಕಿಚ್ಚಿಗೆ.