ತಕ್ಕಡಿಗೆ ಬಂದ ಗೂಡಿನ ಮೊಟ್ಟೆ

ಸಿಡ್ಸೆಲ್ ಗೂಡಿಗೆ ಕೈ ಹಾಕಿದಳು. ಬರೀ ಹುಲ್ಲು. ಸದಾ ಅಲ್ಲಿರುತ್ತಿದ್ದ ಹಳೆಯ ಮೊಟ್ಟೆ ಇರಲಿಲ್ಲ.

ಕೋಳಿಗಳು ಅಲ್ಲೇ ಇಡಲೆಂದು ಹಳೆಯ ಮೊಟ್ಟೆಯೊಂದನ್ನು ಗೂಡಿನಲ್ಲಿ ಬಿಡುವುದು ಡೆನ್ಮಾರ್ಕಿನ ಆ ಕಡಲತೀರದ ಮನೆಮನೆಯ ವಾಡಿಕೆ. ಗುರುತಿನ ಇದ್ದಿಲ ಗೀಟು ಅಳಿಸಿಹೋಗಿತ್ತೇನೋ, ಕಣ್ಣು ಮಂಜಾದ ಅತ್ತೆ ಬೋದಿಲ್ ಅದನ್ನೂ ಬುಟ್ಟಿಗೆ ಹಾಕಿದ್ದಳು. ಮೊಟ್ಟೆ ಮಾರುವ ಸಹಕಾರ ಸಂಘದ ಕಟ್ಟಳೆಯಂತೆ ಒಂದೊಂದಕ್ಕೂ ಮನೆಯ ಅಂಕಿಯ ಮುದ್ರೆ ಒತ್ತಿದವಳು, ಗಮನಿಸದೆ, ಸಿಡ್ಸೆಲ್ಲೇ. ಬುಟ್ಟಿ ಒಯ್ಯುವ ಸಂಘದ ಗಾಡಿ ಹೋಗಿಯಾಗಿತ್ತು.

ಕೆಟ್ಟ ಮೊಟ್ಟೆ ಒಮ್ಮೆ ಸಿಕ್ಕರೆ ಎಚ್ಚರಿಕೆ, ಮತ್ತೆ ಸಿಕ್ಕರೆ ಸಂಘದಿಂದ ಹೊರಗೆ. ಅವಳಿಗೆ ಎಚ್ಚರಿಕೆ ಆಗಲೇ ಸಿಕ್ಕಿಯಾಗಿತ್ತು. ಗಂಡನನ್ನು ಸಮುದ್ರ ನುಂಗಿದ ಮೇಲೆ ಆ ಮನೆಯ ಒಲೆ ಉರಿಯುತ್ತಿದ್ದುದೇ ಕೋಳಿಗಳಿಂದ. "ನಾನೇನು ಬೇಕಂತ ಹಾಕಿದ್ನೇನೇ?" ಎಂದು ಅತ್ತೆ ಗೊಣಗುತ್ತಿರುವಾಗಲೇ, ಸಿಡ್ಸೆಲ್ ಮರದ ಮೆಟ್ಟುಗಳನ್ನು ಕೈಯಲ್ಲಿ ಹಿಡಿದು ಓಡಿದಳು.

ಸಂಘದ ಮನೆಯಲ್ಲಿ ಮೊಟ್ಟೆ ವಿಂಗಡಿಸುವ ಲಾವ್ರಿಡ್ಸ್ ತಕ್ಕಡಿಯ ಮುಂದೆ ಕೂತಿದ್ದ. ಒಂದೇ ಮೊಟ್ಟೆ ಹಿಡಿಯುವ ಬಟ್ಟಲು, ಹಿತ್ತಾಳೆಯ ಕಮಾನು, ಅದರ ಮೇಲೆ ಆಡುವ ಮುಳ್ಳು. ಹಳೆಯ ಮೊಟ್ಟೆ ಒಳಗೊಳಗೇ ಒಣಗಿರುತ್ತದೆ. ನೋಡಲು ದಪ್ಪ, ತೂಕದಲ್ಲಿ ಪೊಳ್ಳು. ಮುಳ್ಳಿಗೆ ಅದು ತಪ್ಪದೆ ಸಿಕ್ಕಿಬೀಳುತ್ತದೆ.

"ಏನಮ್ಮಾ, ಮೊಟ್ಟೆ ಹಿಂದೆ ಕೋಳೀನೂ ಬಂತಾ?" ಅಂದ. ಅವಳಿಗೆ ನಗು ಬರಲಿಲ್ಲ. ಬುಟ್ಟಿ ವಾಪಸು ಕೊಡಿ ಎನ್ನಬೇಕೆಂದುಕೊಂಡಳು. ಆದರೆ ಸಂಘದ ಹೊಸ್ತಿಲು ದಾಟಿದ್ದು ಹಿಂದಿರುಗುವುದಿಲ್ಲ ಎಂಬುದೂ ಕಟ್ಟಳೆಯೇ.

ಮೊದಲು ಸಂಘದ ಅಧ್ಯಕ್ಷ, ನೂರು ಹಸುಗಳ ಧಣಿ ಥೋಗರನ ಬುಟ್ಟಿ. ಒಂದು ದಪ್ಪ ಮೊಟ್ಟೆಗೆ ಮುಳ್ಳು ಅರ್ಧಕ್ಕೇ ನಿಂತಿತು. ದೀಪಕ್ಕೆ ಹಿಡಿದರೆ ಕಪ್ಪು. ಲಾವ್ರಿಡ್ಸ್ ವಿನೆಗರಿನಲ್ಲಿ ಅದ್ದಿದ ಬಟ್ಟೆಯಿಂದ ಧಣಿಯ ಅಂಕಿ ಒರೆಸಿ, ಗೂಡಿನ ಮೊಟ್ಟೆ ತಾನೇ, ಪಾಪ, ಯಾರ ಮನೆಯಲ್ಲಾದರೂ ಆಗುವುದೇ ಎನ್ನುತ್ತ ಅದನ್ನು ಬಕೆಟ್ಟಿಗೆ ಇಳಿಸಿದ.

ಆಮೇಲೆ ಅವಳದು. ಮುಳ್ಳು ಅದೇ ಜಾಗದಲ್ಲಿ ನಿಂತಿತು. ಅವನು ಮೊಟ್ಟೆ ಹೊರಳಿಸಿ ಅಂಕಿ ನೋಡಿದ. ಬಟ್ಟೆ ಮುಟ್ಟಲಿಲ್ಲ, ಲೇಖನಿ ಎತ್ತಿಕೊಂಡ.

"ಎರಡನೇ ಸಲ, ಸಿಡ್ಸೆಲ್. ಕಟ್ಟಳೆ ಎಲ್ಲರಿಗೂ ಒಂದೇ."

ಅವಳು ಬಾಗಿ, ಬಕೆಟ್ಟಿನಿಂದ ಥೋಗರನ ಆ ಒದ್ದೆ ಮೊಟ್ಟೆ ತೆಗೆದು ಬಟ್ಟಲಿಗಿಟ್ಟಳು. ಮುಳ್ಳು ಮತ್ತೆ ಅರ್ಧಕ್ಕೇ ನಿಂತಿತು.

"ಹಾಗಾದ್ರೆ ಇದನ್ನೂ ಬರ್ಕೊಳ್ಳಿ."

ಲಾವ್ರಿಡ್ಸ್ ಬಾಗಿಲ ಕಡೆ ನೋಡಿದ. ಯಾರೂ ಇರಲಿಲ್ಲ. ಲೇಖನಿ ಇಟ್ಟು ಅವಳ ಅಂಕಿಯನ್ನೂ ಒರೆಸಿದ. "ನೀನೂ ನೋಡಿಲ್ಲ, ನಾನೂ ನೋಡಿಲ್ಲ. ನೆನಪಿರಲಿ."

ಅವಳು ಸಂಘದಲ್ಲಿ ಉಳಿದಳು. ಉಳಿಸಿದ್ದು ನ್ಯಾಯವಲ್ಲ, ಧಣಿಯ ಮಾನ. ಹಿಂದೆ ಸಂಘದಿಂದ ಹೊರಬಿದ್ದ ಬಡವರ ಮೊಟ್ಟೆಗಳಿಗೆ ಆ ಬಟ್ಟೆ ಏಕೆ ಸಿಗಲಿಲ್ಲ ಎಂದು ಕೇಳುವ ಬಾಯಿಯನ್ನೂ ಅವಳು ಅಲ್ಲೇ ಬಿಟ್ಟುಬಂದಿದ್ದಳು.

ಆಮೇಲೆ ಗೂಡಿನಲ್ಲಿ ಸುಣ್ಣ ಬಳಿದ ಮರದ ಮೊಟ್ಟೆ ಇಟ್ಟಳು. ಆದರೂ ಗಾಡಿಯ ಸದ್ದು ಕೇಳಿದರೆ ಸಾಕು, ಅದು ಅಲ್ಲೇ ಇದೆಯೇ ಎಂದು ಕೈ ಹುಲ್ಲಿನಲ್ಲಿ ತಡಕಾಡುತ್ತಿತ್ತು.