ಆಸ್ಪತ್ರೆಯ ಗೋಡೆಯಲ್ಲಿ ರೋಸ್ ಬಿಡುವ ಜಾಗ

ಅಮೆರಿಕದ ಪಶ್ಚಿಮ ಕರಾವಳಿಯ ಯೂನಿವರ್ಸಿಟಿ ಸಿಟಿ ಬಡಾವಣೆಯ ಆಸ್ಪತ್ರೆಯ ಹಿಂಗೋಡೆಗೆ ಸಮುದ್ರದ ಮಂಜು ಇನ್ನೂ ಅಂಟಿಕೊಂಡಿದೆ. ರೋಸ್ ಡೆನ್ನಿ ಹಳೆಯ ಟವೆಲಿನಿಂದ ಗೋಡೆಯ ತೇವ ಒರೆಸಿ, ಏಣಿ ಹತ್ತಿ, ಕೆಂಪು ನಕ್ಷತ್ರಕ್ಕೆ ಎಂಟನೆಯ ಮೂಲೆ ಬರೆಯುತ್ತಾರೆ. ಕೆಳಗೆ ಬಣ್ಣದ ಡಬ್ಬಿ ಹಿಡಿದು ನಿಂತವಳು ನನ್ನ ಅವ್ವ, ಗುರುಬಸವ್ವ. ಇಬ್ಬರೂ ಏನಕ್ಕೋ ನಗುತ್ತಿದ್ದಾರೆ. ಅವ್ವನಿಗೆ ಇಂಗ್ಲಿಷ್ ಬಾರದು, ರೋಸ್‌ಗೆ ಕನ್ನಡ ಬಾರದು. ಅಪ್ಪ ತೀರಿಕೊಂಡು ಅವ್ವ ಧಾರವಾಡದಿಂದ ನನ್ನ ಮನೆಗೆ ಬಂದು ವರ್ಷವಾಯಿತು. ನನ್ನ ಜೊತೆ ಒಮ್ಮೆಯೂ ಹೀಗೆ ನಕ್ಕಿಲ್ಲ. ನೋಡಿದರೆ ಹೊಟ್ಟೆ ಉರಿಯುತ್ತದೆ.

ರೋಸ್ ಕೆನಡಾದ ಪೂರ್ವ ಕರಾವಳಿಯ ಮಿಕ್‌ಮಾಕ್ ಮೂಲನಿವಾಸಿಗಳ ಪೈಕಿ. ಅವರ ತಾಯಿ ಮುಳ್ಳುಹಂದಿಯ ಮುಳ್ಳುಗಳಿಗೆ ಬಣ್ಣ ಹಾಕಿ, ಮರದ ತೊಗಟೆಯ ಪೆಟ್ಟಿಗೆಗಳ ಮೇಲೆ ಇಂಥದೇ ನಕ್ಷತ್ರ ಕೂರಿಸುತ್ತಿದ್ದರಂತೆ. ರೋಸ್ ಚಿಕ್ಕವರಿದ್ದಾಗಲೇ ಸರ್ಕಾರದವರು ಅವರನ್ನು ದೂರದ ವಸತಿಶಾಲೆಗೆ ಒಯ್ದರು. ಅಲ್ಲಿ ಮನೆಮಾತು ಆಡಿದರೆ ಏಟು. ಬಿಡುಗಡೆಯಾಗಿ ಊರಿಗೆ ಮರಳಿದಾಗ ತಾಯಿ ಇರಲಿಲ್ಲ.

“ಮಾತು ಮರೆತುಹೋಗಿತ್ತು, ಬಣ್ಣ ಮರೆತಿರಲಿಲ್ಲ. ಬರೀತಾ ಬರೀತಾ ರಾತ್ರಿ ನಿದ್ದೆ ಮತ್ತೆ ಬರೋಕೆ ಶುರುವಾಯ್ತು,” ಎನ್ನುತ್ತಾರೆ.

ಲಾಸ್ ಏಂಜಲೀಸ್‌ನಲ್ಲಿ ಹೋಟೆಲ್ ಕೋಣೆ ಗುಡಿಸುತ್ತಲೇ ಗೋಡೆಗೆ ಚಿತ್ರ ಬರೆಯಲು ಕಲಿತವರು. ಈಗ ಆಸ್ಪತ್ರೆಗಳ ಗೋಡೆಯೇ ಅವರ ಕೆಲಸ. ಪ್ರತಿ ಚಿತ್ರದಲ್ಲೂ ಕೈಗೆಟುಕುವಷ್ಟು ಎತ್ತರದಲ್ಲಿ ಒಂದಿಷ್ಟು ಜಾಗ ಖಾಲಿ ಬಿಡುತ್ತಾರೆ. ನೊಂದವರು ಯಾರಾದರೂ ಬಂದು ಅದನ್ನು ತುಂಬಬೇಕು.

ವಿಧವೆಯರು ಹೊಸ್ತಿಲಿಗೆ ರಂಗೋಲಿ ಹಾಕುವುದು ಧಾರವಾಡದ ನಮ್ಮ ಓಣಿಯಲ್ಲಿ ಇಲ್ಲ. ಅವ್ವನಿಗೆ ನೋವಾಗದಿರಲೆಂದು ನಾನು ರಂಗೋಲಿ ಬಟ್ಟಲನ್ನು ಕಪಾಟಿನ ಮೇಲೆ ಸೇರಿಸಿದ್ದೆ. ಮನೆಯಲ್ಲಿ ಒಬ್ಬಳೇ ಇರಲಾರಳೆಂದು, ಈ ಆಸ್ಪತ್ರೆಯ ಲ್ಯಾಬಿಗೆ ಕೆಲಸಕ್ಕೆ ಬರುವಾಗ ಕರೆತಂದು ಈ ಗೋಡೆಯ ಎದುರಿನ ಬೆಂಚಿನ ಮೇಲೆ ಕೂರಿಸುತ್ತೇನೆ. ನಮ್ಮ ರೀತಿ ರಿವಾಜು ತಿಳಿಯದ ರೋಸ್ ಒಂದು ಬೆಳಿಗ್ಗೆ ಅವಳ ಕೈಗೆ ಬ್ರಷ್ ಕೊಟ್ಟರು. ಅವ್ವ ಬ್ರಷ್ ಬದಿಗಿಟ್ಟು, ಬಿಳಿ ಬಣ್ಣದಲ್ಲಿ ಬೆರಳು ಅದ್ದಿ, ಇನ್ನೂ ಮುಗಿಯದ ನಕ್ಷತ್ರದ ಕೆಳಗೆ ಖಾಲಿ ಬಿಟ್ಟಿದ್ದ ಜಾಗದಲ್ಲಿ ರಂಗೋಲಿಯ ಚುಕ್ಕಿ ಇಟ್ಟಳು.

ಮನೆಯಲ್ಲಿ ಯಾಕೆ ಹಾಕಲಿಲ್ಲ ಎಂದು ಕೇಳಿದೆ.

“ನೀ ಬಟ್ಟಲಾ ತಗದು ಮ್ಯಾಲಿಟ್ಟಿ. ಈಕಿ ಕೈಯಾಗ ಕೊಟ್ಲು,” ಎಂದಳು.

ಆ ಮಾತು ಇನ್ನೂ ಚುಚ್ಚುತ್ತದೆ. ಈಗ ರೋಸ್‌ಗೂ ದಿನಾ ಅವ್ವನ ರೊಟ್ಟಿ ಬರುತ್ತದೆ. ಶೇಂಗಾ ಚಟ್ನಿ ನನ್ನ ಡಬ್ಬಿಗಿಂತ ಅವರ ಡಬ್ಬಿಯಲ್ಲೇ ಹೆಚ್ಚು. ನಾನು ಅಳೆದು ನೋಡಿಲ್ಲ, ಆದರೂ ಗೊತ್ತು.

ರೋಸ್ ಏಣಿ ಇಳಿದು ಬಂದಾಗ, ಇಷ್ಟು ಗೋಡೆಗಳಿಗೆ ಚಿತ್ರ ಬರೆದವರಿಗೆ ಇನ್ನೇನು ಆಸೆ ಎಂದು ಕೇಳಬೇಕೆಂದಿದ್ದೆ. ಅದರ ಬದಲು, ನಿಮ್ಮನ್ನು ಕಂಡರೆ ನನಗೆ ಹೊಟ್ಟೆಕಿಚ್ಚು ಎಂದುಬಿಟ್ಟೆ.

ರೋಸ್ ಬ್ರಷ್ ತೊಳೆಯುತ್ತ ಅವ್ವನ ಕಡೆ ನೋಡಿದರು.

“ನನಗೂ ನಿಮ್ಮನ್ನ ಕಂಡರೆ ಹಾಗೇ,” ಎಂದರು. “ಸಂಜೆ ಆದ್ರೆ ಅವರು ಹತ್ತೋದು ನಿಮ್ಮ ಕಾರು.”