ಐದು ರೊಟ್ಟಿಯ ಮೋಜಣಿ

ರೋಣದ ಸರ್ವೇ ಆಫೀಸಿನ ಈಶಪ್ಪನವರು ಹೊಲ ಅಳೆಯಲು ಹೋದ ಊರಲ್ಲಿ ಯಾರ ಮನೆಯ ಹನಿ ನೀರನ್ನೂ ಮುಟ್ಟುವವರಲ್ಲ. ಚಹಾ ಬೇಡ, ಮಜ್ಜಿಗೆ ಬೇಡ, ಎಲೆಯಡಿಕೆಯ ಮಾತಂತೂ ಎತ್ತಲೇಬೇಡಿ. ಹೆಂಡತಿ ಕಟ್ಟಿಕೊಟ್ಟ ಎರಡು ರೊಟ್ಟಿಯ ಬುತ್ತಿ, ಒಂದು ಬಾಟಲಿ ನೀರು. ಮಧ್ಯಾಹ್ನ ಯಾವುದಾದರೂ ಜಾಲಿಗಿಡದ ಕೆಳಗೆ ಎಲ್ಲರಿಗೂ ಬೆನ್ನು ಮಾಡಿ ಕೂತು ಉಂಡು, ಕೈ ತೊಳೆದು, ಮತ್ತೆ ಅಳತೆಯ ಸರಪಳಿ ಹಿಡಿದರೆ ಮುಗಿಯಿತು. ಮೂವತ್ತೊಂದು ವರ್ಷ ಇದೇ ನಡೆದಿತ್ತು.

ಇದಕ್ಕೊಂದು ಕಾರಣವೂ ಇತ್ತೆನ್ನಿ. ನೌಕರಿ ಸೇರಿದ ಹೊಸದರಲ್ಲಿ, ಇನ್ನೂ ಕೆಲಸದ ಹದ ಗೊತ್ತಿಲ್ಲದ ಕಾಲದಲ್ಲಿ, ಹೊಳೆಸಾಲಿನ ಒಂದು ಊರಲ್ಲಿ ಅರ್ಜಿ ಕೊಟ್ಟವರ ಮನೆಯ ಕಟ್ಟೆಯ ಮೇಲೆ ಕೂತು ಒಂದು ಕಪ್ ಚಹಾ ಕುಡಿದಿದ್ದರು. ಅಷ್ಟೇ! ಎದುರಿನವರು ‘ಸರ್ವೇದಾಂವ ಚಾ ಕುಡದು ನಮ್ಮ ಬದು ಸರಿಸ್ಯಾನ’ ಎಂದು ಜಿಲ್ಲೆಯ ತನಕ ತಕರಾರು ಒಯ್ದರು. ಮೇಲಿನವರು ಬಂದು ಮತ್ತೆ ಅಳೆದರು. ಅಳತೆ ಒಂದು ಬೆರಳೂ ತಪ್ಪಿರಲಿಲ್ಲ, ಆದರೆ ಈಶಪ್ಪನವರಿಗೆ ‘ಚಾ ಈಶಪ್ಪ’ ಎಂಬ ಹೆಸರು ಬಿದ್ದು ಎರಡು ವರ್ಷ ಬಿಡಲಿಲ್ಲ. ಆ ಅವಮಾನ ಅವರಿಗೆ ಈಗಲೂ ನೆನಪಾದರೆ ಕಿವಿ ಬಿಸಿಯಾಗುತ್ತದೆ.

ಇಂಥವರ ಕೊರಳಿಗೆ ಹೋದ ವರ್ಷ ಮೆಂಟರ್ ಎಂಬ ಹೊಸ ಗಂಟೆ ಕಟ್ಟಿದರು. ಹೊಸದಾಗಿ ಬಂದ ಒಬ್ಬೊಬ್ಬರನ್ನು ಒಬ್ಬೊಬ್ಬ ಹಿರಿಯರ ಜೊತೆ ಆರು ತಿಂಗಳು ಜೋಡಿ ಮಾಡುವುದು. ಕೊನೆಗೆ ಹೊಸಬರು ತಾವೇ ಒಂದು ಹೊಲದ ಹದ್ದು ಅಳೆದು ಕಲ್ಲು ನೆಡಿಸಬೇಕು, ಎರಡೂ ಕಡೆಯವರ ಸಹಿ ತರಬೇಕು. ಸಹಿ ಬಾರದಿದ್ದರೆ ‘ಇನ್ನೂ ಒಂದು ವರ್ಷ ಪರೀಕ್ಷಾರ್ಥ’ ಎಂದು ಹಿರಿಯರೇ ಬರೆದುಕೊಡಬೇಕು.

ಈಶಪ್ಪನವರ ಪಾಲಿಗೆ ಬಂದವಳು ನರಗುಂದದ ರಾಜೇಶ್ವರಿ. ಇಪ್ಪತ್ತೈದರ ಹುಡುಗಿ. ಬಾಯಿ ಅಂದರೆ ಬಾಯಿ! ಉಪಗ್ರಹದಿಂದ ಅಳತೆ ಹಿಡಿಯುವ ಹೊಸ ರೋವರ್ ಯಂತ್ರ ಅವಳ ಕೈಯಲ್ಲಿ ಮಾತು ಕೇಳುತ್ತಿತ್ತು. ಮೊದಲ ವಾರ ಈಶಪ್ಪನವರು ಮುಖ ಗಂಟಿಕ್ಕಿಕೊಂಡೇ ಇದ್ದರು. ಎರಡನೆಯ ವಾರ ಅವಳು, “ಸರ್ರ, ಮಿಶಿನ್ ಹದ್ದು ಇಲ್ಲೇ ಅಂತ ತೋರಸ್ತೈತಿ. ಹಳೇ ಕಲ್ಲು ಮಣ್ಣಾಗ ಹೂತದ್ದು ಹ್ಯಾಂಗ ಗೊತ್ತ ಹಿಡೀತೀರಿ?” ಎಂದು ಕೇಳಿದಳು. ಮೂವತ್ತೊಂದು ವರ್ಷದಲ್ಲಿ ಇದನ್ನು ಅವರನ್ನು ಯಾರೂ ಕೇಳಿರಲಿಲ್ಲ. ಎರೆಮಣ್ಣು ಬಿರಿಯುವ ಬಗೆ, ಬದುವಿನ ಮೇಲೆ ಹುಲ್ಲು ಒಂದು ಕಡೆ ತೆಳುವಾಗುವ ಬಗೆ, ಹಾರೆ ತಾಗಿದಾಗಿನ ಸಪ್ಪಳ, ಎಲ್ಲ ಹೇಳಿದರು. ಹೇಳುತ್ತ ಹೇಳುತ್ತ ಬಸ್ಸು ತಪ್ಪಿಸಿಕೊಂಡರು. ಅಂದಿನಿಂದ ಅವರಿಗೆ ಆಫೀಸಿಗೆ ಹೋಗುವುದೆಂದರೆ ಖುಷಿಯೇ ಖುಷಿ. ಮನೆಯಲ್ಲೂ ‘ನಮ್ಮ ಹುಡುಗಿ’ ಎಂದೇ ಮಾತು.

ಅವಳ ಪರೀಕ್ಷೆಯ ಹೊಲ ಯಾವಗಲ್‌ನಲ್ಲಿ ಬಂತು. ರೇಣವ್ವ, ಕಳಕವ್ವ ಇಬ್ಬರೂ ನೆಗೆಣ್ಣಿಯರು, ಅಣ್ಣತಮ್ಮಂದಿರ ಹೆಂಡಂದಿರು. ಹೊಲ ಅವರಿಬ್ಬರ ಹೆಸರಿನಲ್ಲಿ, ಜಗಳವೂ ಅವರಿಬ್ಬರದೇ. ಗಂಡಂದಿರು ಅದೇ ಬದುವಿನ ಮೇಲೆ ಕೂತು ಒಬ್ಬರ ಚಂಚಿಯ ತಂಬಾಕನ್ನು ಇನ್ನೊಬ್ಬರು ತಿಕ್ಕಿಕೊಂಡು ಹಾಯಾಗಿದ್ದರು. ಕಡಲೆ ಕಿತ್ತು ಹೊಲ ಖಾಲಿಯಾಗಿತ್ತು. ರಾಜೇಶ್ವರಿ ನರಗುಂದದಿಂದ ಮೊದಲ ಬಸ್ಸಿಗೇ ಬಂದಿದ್ದಳು. ಈಶಪ್ಪನವರು ರೋಣದ ಬಸ್ಸಿಳಿದು ಹೊಲಕ್ಕೆ ಬರುವಷ್ಟರಲ್ಲಿ ಹನ್ನೊಂದು ಗಂಟೆ.

ಬಂದರೆ ಅಳತೆ ಶುರುವೇ ಆಗಿಲ್ಲ. ಕಳಕವ್ವ ಸೆರಗು ಸೊಂಟಕ್ಕೆ ಸಿಗಿಸಿಕೊಂಡು ಬದುವಿನ ಮೇಲೆ ಅಡ್ಡ ನಿಂತಿದ್ದಾಳೆ.

“ಸಾಹೇಬ್ರ, ನೀವ ಕೇಳ್ರಿ ನ್ಯಾಯಾ! ಈ ಮೇಡಮ್ಮ ಮುಂಜಾನೆ ಬಂದಾಕಿ ಸೀದಾ ರೇಣವ್ವನ ಮನಿ ಹೊಕ್ಕಾಳ. ಐದ ರೊಟ್ಟಿ ಉಂಡಾಳ, ಐದ! ಮ್ಯಾಲೆ, ಇಂಥಾ ಬದನೀಕಾಯಿ ಪಲ್ಯಾ ನನ್ನ ಜನ್ಮದಾಗ ಉಂಡಿಲ್ಲ ಅಂದಾಳಂತ. ಇಡೀ ಓಣಿಗೆ ಕೇಳೇತಿ. ಆಕಿ ಉಪ್ಪ ತಿಂದು ನನ್ನ ಹೊಲ ಅಳೀತಾಳೇನು?”

ಈಶಪ್ಪನವರು ಹುಡುಗಿಯನ್ನು ಬದಿಗೆ ಕರೆದು, “ಏನವ್ವಾ ತಂಗೀ, ಆರ ತಿಂಗಳಾ ಬಾಯಿ ಬಡಕೊಂಡೆ. ನೀರೂ ಮುಟ್ಟಬ್ಯಾಡಾ ಅಂತ ಹೇಳಿದ್ದಿಲ್ಲೇನು?” ಎಂದು ಸಿಡಿದರು.

“ಬಸ್ ಇಳದಾಗ ಕಣ್ಣಿಗೆ ಕತ್ತಲಿ ಬಂದಿತ್ರಿ ಸರ್ರ. ರೇಣವ್ವಾರು ರಟ್ಟಿ ಹಿಡದು ಒಳಗ ಕರಕೊಂಡ ಹೋದ್ರು. ಹಸದ ಬಂದ ಹೆಣ್ಣ ಮಗಳನ್ನ ಹಂಗ ಕಳಸಿದ್ರ ನಾನೆಂಥಾ ಹೆಂಗಸು ಅಂದ್ರು. ಏನಂತ ಬ್ಯಾಡಾ ಅನ್ಲಿ?” ಹುಡುಗಿಯ ಕಣ್ಣು ತುಂಬಿದ್ದವು.

ಸಿಟ್ಟು ಇಳಿಯಿತು, ಹೆದರಿಕೆ ಏರಿತು. ಕಳಕವ್ವ ಸಹಿ ಹಾಕದಿದ್ದರೆ ಈ ಹುಡುಗಿಯ ಒಂದು ವರ್ಷ ಮಣ್ಣುಪಾಲು, ಅದನ್ನು ಬರೆಯಬೇಕಾದ ಕೈಯೂ ತನ್ನದೇ. ಈಶಪ್ಪನವರು ಕಳಕವ್ವನ ಮುಂದೆ ಕೈ ಮುಗಿದರು. “ಅಕ್ಕಾರ, ತಪ್ಪಾಗೇತಿ. ಈಗ ನಿಮ್ಮ ಮನ್ಯಾಗೂ ಉಣ್ತಾಳ್ರಿ.”

“ತುಂಬಿದ ಹೊಟ್ಟ್ಯಾಗ ಮ್ಯಾಲಿಂದ ಮ್ಯಾಲೆ ತುರಕೊಂಡ್ರ ಅದೂ ಊಟ ಏನ್ರಿ? ನನ್ನ ರೊಟ್ಟಿ ಹಸದಾವ್ರ ತಿಂಬೇಕು!”

ಆಗ ರಾಜೇಶ್ವರಿ ಮೂಗು ಒರೆಸಿಕೊಂಡು ಮೆಲ್ಲಗೆ ಅಂದಳು: “ಸರ್ರ, ನಾವಿಬ್ರೂ ಜೋಡಿ ಅಂತ ಆರ್ಡರದಾಗ ಬರದಾರಲ್ರಿ. ನೀವಿನ್ನೂ ಉಂಡಿಲ್ಲ.”

ಕಳಕವ್ವನ ಕಣ್ಣು ಈಶಪ್ಪನವರ ಕಡೆ ತಿರುಗಿತು. ಗಂಡಂದಿರಿಬ್ಬರೂ ತಂಬಾಕು ತಿಕ್ಕುವುದನ್ನು ನಿಲ್ಲಿಸಿದರು. ಈಶಪ್ಪನವರು ಬುತ್ತಿಯ ಚೀಲವನ್ನು ಎದೆಗವುಚಿಕೊಂಡು ನಿಂತುಬಿಟ್ಟರು. ಮೂವತ್ತೊಂದು ವರ್ಷ ಕಾದುಕೊಂಡು ಬಂದ ಹೆಸರು! ಇನ್ನು ಹನ್ನೊಂದು ತಿಂಗಳಿಗೆ ನಿವೃತ್ತಿ. ಎದುರಿಗೆ ನೋಡಿದರೆ ಆ ಹುಡುಗಿ ರೋವರಿನ ಕೋಲು ಹಿಡಿದುಕೊಂಡು, ತಪ್ಪು ಮಾಡಿ ಗುರುಗಳ ಮುಂದೆ ನಿಂತ ಮಗುವಿನ ಹಾಗೆ ನಿಂತಿದ್ದಾಳೆ. ಹಾಳಾಗಿ ಹೋಗಲಿ ಎಂದುಕೊಂಡು ಚೀಲವನ್ನು ಜಾಲಿಯ ಟೊಂಗೆಗೆ ನೇತುಹಾಕಿದರು.

“ನಡೀರಿ ಅಕ್ಕಾರ. ಭಾಳ ಹಸಿವ್ಯಾಗೇತಿ.”

ಕಳಕವ್ವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಒಲೆ ಹೊತ್ತಿಸಿದಳು, ಹಿಟ್ಟು ನಾದಿದಳು, ತಟ್ಟಿದ ರೊಟ್ಟಿ ಉಬ್ಬುಬ್ಬಿ ತಟ್ಟೆಗೆ ಬಿದ್ದವು. ಪುಂಡಿಪಲ್ಯ, ಹೆಸರುಕಾಳು, ಕೆಂಪು ಮೆಣಸಿನಕಾಯಿ ಚಟ್ನಿ, ಗಟ್ಟಿ ಮೊಸರು. ಮನೆಯಲ್ಲಿ ಎರಡಕ್ಕೇ ಕೈ ತೊಳೆಯುವ ಮನುಷ್ಯ ಮೂರು ಮುಗಿಸಿ ಸಾಕೆಂದರು. “ಸಾಕ? ಅಲ್ಲಿ ಐದಾಗ್ಯಾವು. ಇಲ್ಲಿ ನಾಕಾದ್ರ ಜನ ಏನಂದಾರು?” ನಾಲ್ಕನೆಯದು ಚೂರು ಕಷ್ಟವಾಯಿತು. ಹೊಸ್ತಿಲಲ್ಲಿ ರೇಣವ್ವನ ಗಂಡ ಇಣುಕಿ, “ಎಷ್ಟನೇದ್ರಿ?” ಎಂದು ಕೇಳಿ ಹೆಂಡತಿಗೆ ವರದಿ ಒಯ್ದ. ಐದನೆಯದನ್ನು ಈಶಪ್ಪನವರು ಮೊಸರಿನಲ್ಲಿ ಮುರಿದು, ಕಣ್ಣು ಮುಚ್ಚಿಕೊಂಡು, ಅಯ್ಯೋ ಎಂಥ ರುಚಿ ಎಂದು ಬಾಯಿಬಿಟ್ಟು ಹೇಳಿಯೇ ಉಂಡರು. ಅದು ಮುಲಾಜಿನ ಮಾತಾಗಿರಲಿಲ್ಲ.

ಊಟವಾದ ಮೇಲೆ ಅಳತೆ. ಈಶಪ್ಪನವರು ಯಂತ್ರವನ್ನೂ ಮುಟ್ಟಲಿಲ್ಲ, ನಕಾಶೆಯನ್ನೂ ಮುಟ್ಟಲಿಲ್ಲ. ರಾಜೇಶ್ವರಿ ಮೂಲೆ ಮೂಲೆಗೆ ನಡೆದು ಕೋಲು ಊರಿದಳು, ಗುರುತು ಹಾಕಿದಳು. ಕೊನೆಗೆ ಒಂದು ಕಡೆ ನಿಂತು ಬದುವಿನ ಹುಲ್ಲು ನೋಡಿದಳು, ಅಲ್ಲಿಂದ ಎರಡು ಹೆಜ್ಜೆ ಸರಿದು ಬಗ್ಗಿ ಮಣ್ಣು ಮುಟ್ಟಿ, “ಇಲ್ಲಿ ಅಗೀರಿ” ಅಂದಳು. ಮೊಳದಾಳದಲ್ಲಿ ಹಾರೆ ಠಣ್ ಎಂದಿತು. ಹಳೆಯ ಬಾಂದುಗಲ್ಲು! ಈಶಪ್ಪನವರಿಗೆ ಚಪ್ಪಾಳೆ ಹೊಡೆಯಬೇಕೆನಿಸಿತು.

ಖುಷಿ ಒಂದು ನಿಮಿಷ ಬಾಳಿತು. ಕಲ್ಲು ಬದುವಿನಿಂದ ಕಳಕವ್ವನ ಕಡೆಗೆ ನಾಲ್ಕು ಅಡಿ ಒಳಗಿತ್ತು. ಅಂದರೆ ಅವಳು ಇಷ್ಟು ವರ್ಷ ಬಿತ್ತುತ್ತಿದ್ದ ನಾಲ್ಕು ಅಡಿ ಅಗಲದ ಉದ್ದಪಟ್ಟಿ ರೇಣವ್ವನದು.

ರಾಜೇಶ್ವರಿ ನೆಟ್ಟಗೆ ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಕಳಕವ್ವ ಅವಳ ಕಡೆ ನೋಡಲೂ ಇಲ್ಲ.

“ಆಕಿ ಆ ಮನಿಯಾಗ ಉಂಡಾಕಿ. ಸಾಹೇಬ್ರ, ನೀವ ನಮ್ಮ ಮನಿಯಾಗ ಉಂಡಾವ್ರು. ನೀವ ಹೇಳ್ರಿ, ಈ ಪಟ್ಟಿ ಯಾರದು?”

ಇಷ್ಟು ವರ್ಷ ಈಶಪ್ಪನವರು ಅಂಜಿ ಓಡಿದ್ದು ಇದೇ ಪ್ರಶ್ನೆಗೆ. ಬೆವರು ಒರೆಸಿಕೊಂಡರು.

“ಅಕ್ಕಾರ, ನೀವು ಬಡಿಸಿದ ಐದ ರೊಟ್ಟಿ ಇನ್ನೂ ಹೊಟ್ಟ್ಯಾಗದಾವ್ರಿ. ಅಂಥಾ ಊಟಾ ನಾ ಉಂಡಿದ್ದಿಲ್ಲ. ಆದ್ರ ಪಟ್ಟಿ ನಿಮ್ಮದಲ್ರಿ. ರೇಣವ್ವಾರದು. ಹುಡುಗಿ ಅಳದದ್ದು ಖರೇ ಐತಿ.”

ಕಳಕವ್ವ ಕಲ್ಲನ್ನು ನೋಡಿದಳು, ಈಶಪ್ಪನವರನ್ನು ನೋಡಿದಳು, ಅವರ ಉಬ್ಬಿದ ಹೊಟ್ಟೆಯನ್ನು ನೋಡಿದಳು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ನಗಲು ಶುರು ಮಾಡಿದಳು ನೋಡಿ, ನಿಲ್ಲಲೇ ಇಲ್ಲ.

“ಯಪ್ಪಾ! ಐದ ರೊಟ್ಟಿ ಉಂಡೂ ಒಂದ ಗೇಣ ಈ ಕಡೆ ಸರೀಲಿಲ್ಲಲ್ರಿ! ಇಂಥಾವ್ರ ಹೇಳಿದ್ದನ್ನ ನಂಬದಿದ್ರ ಮತ್ಯಾರ್ದು ನಂಬಲಿ? ತಾರವ್ವಾ ಇಲ್ಲೆ ಪೆನ್ನು.”

ಅಕ್ಷರ ಅಕ್ಷರ ಕೂಡಿಸಿ ತನ್ನ ಹೆಸರು ಬರೆದಳು. ರೇಣವ್ವನ ಸಹಿಗೆ ತಡವೇನಿತ್ತು, ಅದೂ ಬಿತ್ತು. ರಾಜೇಶ್ವರಿ ಕಾಗದ ತೆಗೆದುಕೊಂಡವಳು ಅಲ್ಲೇ ಕುಣಿದುಬಿಟ್ಟಳು. ಗಂಡಂದಿರು ತಂಬಾಕಿಗೆ ವಾಪಸಾದರು.

ಹೊಲ ಕಳಕೊಂಡವರ ಬೈಗುಳ ಬೆನ್ನಿಗೆ ಕೇಳಿಸಿಕೊಂಡೇ ಬಸ್ಸು ಹತ್ತಿ ರೂಢಿಯಾದ ಮನುಷ್ಯ ಈಶಪ್ಪನವರು. ಆ ಸಂಜೆ ಕಳಕವ್ವ ರಸ್ತೆಯ ತನಕ ಬಂದು, “ಮುಂದಿನ ಸುಗ್ಗಿಗೆ ಮತ್ತ ಬರ್ರಿ ಸಾಹೇಬ್ರ. ಹೊಲ ಅಳ್ಯಾಕಲ್ಲ, ಊಟಕ್ಕ” ಅಂದಳು.

ಕಾಗದ ಆಫೀಸಿಗೆ ಒಪ್ಪಿಸಲೆಂದು ರಾಜೇಶ್ವರಿಯೂ ರೋಣದ ಬಸ್ಸನ್ನೇ ಹತ್ತಿದಳು. ಬಸ್ಸಿನಲ್ಲಿ ಈಶಪ್ಪನವರು ಕಿಟಕಿಯ ಆಚೆ ಹೊಲಗಳನ್ನು ನೋಡುತ್ತ ಕೂತಿದ್ದರು. ಅವುಗಳಲ್ಲಿ ಅರ್ಧಕ್ಕರ್ಧ ಅವರೇ ಅಳೆದವು.

“ತಂಗೀ,” ಅಂದರು, “ಮೂವತ್ತೊಂದ ವರ್ಷದಾಗ ಎಷ್ಟ ಮನಿಯಾವ್ರು ಬರ್ರಿ ಉಣ್ಣಾಕ ಅಂದಿದ್ರು ಗೊತ್ತೇನು? ಎಲ್ಲಾರಿಗೂ ನಾ ಬೆನ್ನ ಮಾಡಿ ಕುಂತೆ.”

ರಾಜೇಶ್ವರಿ ಸ್ವಲ್ಪ ಸರಿದು ಕೂತು, ನಾಳೆಯ ಮೋಜಣಿ ಯಾವ ಊರಲ್ಲಿ ಎಂದು ಕೇಳಿದಳು.

“ಲಕ್ಕಲಕಟ್ಟಿ,” ಅಂದರು ಈಶಪ್ಪನವರು. “ಇಬ್ರೂ ಹಸಗೊಂಡ ಹೋಗೂಣು. ನೀ ಒಂದ ಮನ್ಯಾಗ, ನಾ ಒಂದ ಮನ್ಯಾಗ.”